ಕೊಳೆಗೆ ಒಂದು ಗೋಡೆ, ಎಲೆಚುಕ್ಕಿಗೆ ಇನ್ನೊಂದು

ಮಳೆಗಾಲ ಹತ್ತಿರ ಬಂತೆಂದರೆ ಅಡಿಕೆ ತೋಟದವರಿಗೆ ಎರಡು ಚಿಂತೆ. ಒಂದು ಹಳೇದು, ಕಾಯಿ ಕೊಳೆತು ಉದುರುವ ಕೊಳೆ ರೋಗ. ಇನ್ನೊಂದು ಇತ್ತೀಚಿನ ವರ್ಷಗಳಲ್ಲಿ ಜೋರಾಗಿದ್ದು, ಎಲೆಚುಕ್ಕಿ. ಶಿರಸಿ, ಸಿದ್ದಾಪುರ, ಯಲ್ಲಾಪುರದ ಕಡೆ ಎರಡನ್ನೂ ಶಿಲೀಂಧ್ರ ರೋಗ ಅಂತಲೇ ಹೇಳುವುದು ರೂಢಿ. ಅಂಗಡಿಗೆ ಹೋದರೂ ಎರಡಕ್ಕೂ ಕೇಳುವುದು ಶಿಲೀಂಧ್ರನಾಶಕವನ್ನೇ. ಆದರೆ ಎಲೆಚುಕ್ಕಿಗೆಂದು ತಂದ ಪ್ರೊಪಿಕೊನಜೋಲನ್ನು ಕೊಳೆ ಬಂದ ಅಡಿಕೆ ಕೊನೆಗೆ (ಗೊನೆಗೆ) ಹೊಡೆದರೆ ಹೊಳೆಯಲ್ಲಿ ಹುಣಸೆಹಣ್ಣು ಕಿವುಚಿದ ಹಾಗೆ. ಖರ್ಚು ಆಗುತ್ತದೆ, ಕೊಳೆ ನಿಲ್ಲುವುದಿಲ್ಲ.

ಮದ್ದು ಖೋಟಾ ಅಂತ ಅಂಗಡಿಯವರ ಮೇಲೆ ಸಿಟ್ಟಾಗುವ ಮೊದಲು ಒಂದು ವಿಷಯ ತಿಳಿದಿರಬೇಕು. ಎಲೆಚುಕ್ಕಿಯ ಜೀವಿ ನಿಜವಾದ ಶಿಲೀಂಧ್ರ. ಕೊಳೆಯ ಜೀವಿ ಶಿಲೀಂಧ್ರವೇ ಅಲ್ಲ. ಎರಡೂ ಎಳೆ ಎಳೆಯಾಗಿ ಬೆಳೆಯುತ್ತವೆ, ಎರಡೂ ಮಳೆಗೆ ಹಬ್ಬುತ್ತವೆ, ಕಣ್ಣಿಗೆ ಎರಡೂ ಬೂಸ್ಟೇ. ವ್ಯತ್ಯಾಸ ಶುರುವಾಗುವುದು ಜೀವಕೋಶದ ಗೋಡೆಯಿಂದ. ಕೋಶಭಿತ್ತಿ ಅಂತ ಪಠ್ಯಪುಸ್ತಕದಲ್ಲಿ ಓದಿ ಮರೆತುಬಿಡುತ್ತೇವಲ್ಲ, ಅದೇ. ನನ್ನ ಪ್ರಕಾರ ತೋಟ ಇರುವ ಪ್ರತಿಯೊಬ್ಬರೂ ಒಮ್ಮೆ ಕೂತು ತಿಳಿದುಕೊಳ್ಳಬೇಕಾದ ವಿಷಯ ಇದು.

ಶಿಲೀಂಧ್ರಕ್ಕೆ ಗೋಡೆ ಯಾಕೆ ಬೇಕು? ಅದಕ್ಕೆ ಬಾಯಿಲ್ಲ, ಹೊಟ್ಟೆಯಿಲ್ಲ. ಕಿಣ್ವಗಳನ್ನು ಹೊರಗೆ ಸುರಿದು, ಆಹಾರವನ್ನು ಹೊರಗೇ ಕರಗಿಸಿ, ಆಮೇಲೆ ಹೀರಿಕೊಳ್ಳುತ್ತದೆ. ಹೀಗಾಗಿ ಕೋಶದ ಒಳಗೆ ಸಕ್ಕರೆ, ಲವಣ ಎಲ್ಲ ಗಟ್ಟಿಯಾಗಿ ತುಂಬಿರುತ್ತದೆ. ಹೊರಗೆ ತೆಳು ನೀರು, ಒಳಗೆ ಮಂದ ದ್ರಾವಣ ಇದ್ದರೆ ನೀರು ಒಳಗೆ ನುಗ್ಗುತ್ತದೆ. ಕೋಶದ ಪೊರೆ ತೀರಾ ತೆಳು, ಆ ಒತ್ತಡ ಅದು ತಡೆಯುವುದಿಲ್ಲ. ಪ್ರಯೋಗಾಲಯದಲ್ಲಿ ಕಿಣ್ವ ಹಾಕಿ ಗೋಡೆಯನ್ನು ಕರಗಿಸಿ, ಬೆತ್ತಲೆ ಕೋಶವನ್ನು ಬರೀ ನೀರಿಗೆ ಬಿಟ್ಟರೆ ಅದು ಉಬ್ಬಿ ಒಡೆದು ಹೋಗುತ್ತದೆ. ಸಕ್ಕರೆ ಅಥವಾ ಉಪ್ಪು ಬೆರೆಸಿದ ನೀರಿಗೆ ಬಿಟ್ಟರೆ ಮಾತ್ರ ಬದುಕುತ್ತದೆ. ಗೋಡೆಯ ಮೊದಲ ಕೆಲಸ ಈ ಒತ್ತಡಕ್ಕೆ ಎದುರು ನಿಲ್ಲುವುದು.

ಯೀಸ್ಟಿನ ಗೋಡೆ ಸುಮಾರು 100ರಿಂದ 200 ನ್ಯಾನೊಮೀಟರ್ ದಪ್ಪ. ಅಂಥ ಐದು ಸಾವಿರದಿಂದ ಹತ್ತು ಸಾವಿರ ಗೋಡೆ ಒಂದರ ಮೇಲೊಂದು ಇಟ್ಟರೆ ಒಂದು ಮಿಲಿಮೀಟರ್ ಆದೀತು. ಆದರೂ ಯೀಸ್ಟ್ ಕೋಶದ ಒಣ ತೂಕದಲ್ಲಿ 15ರಿಂದ 30 ಶೇಕಡಾ ಈ ಗೋಡೆಯದ್ದೇ. ಅಷ್ಟು ಖರ್ಚು ಮಾಡಿ ಕಟ್ಟುತ್ತದೆ ಅಂದರೆ ಅದು ಸುಮ್ನೆ ಹೊದಿಕೆ ಅಲ್ಲ ಅಲ್ವಾ.

ಇದರಲ್ಲಿ ಏನೇನಿದೆ ಅಂತ ನೋಡೋಣ. ಕಾರವಾರದ ಅಥವಾ ಕುಮಟಾದ ಮೀನು ಪೇಟೆಯಲ್ಲಿ ಶೆಟ್ಲಿ (ಸಿಗಡಿ) ಬಿಡಿಸುವುದನ್ನು ನೋಡಿದ್ದೀರಿ. ಸಿಪ್ಪೆ ತೆಳು, ಬಾಗುತ್ತದೆ, ಆದರೆ ಸುಲಭಕ್ಕೆ ಹರಿಯುವುದಿಲ್ಲ, ಕುದಿಸಿದರೂ ಕರಗುವುದಿಲ್ಲ. ಆ ಸಿಪ್ಪೆಗೆ ಗಟ್ಟಿತನ ಕೊಡುವ ವಸ್ತು ಕೈಟಿನ್. ಏಡಿಯ ಚಿಪ್ಪಿನಲ್ಲಿ, ಜೀರುಂಡೆಯ ರೆಕ್ಕೆಯಲ್ಲಿ ಇರುವುದೂ ಅದೇ. ಶಿಲೀಂಧ್ರದ ಗೋಡೆಯಲ್ಲೂ ಅದೇ ಕೈಟಿನ್. ಶೆಟ್ಲಿ, ಏಡಿ ಅದಕ್ಕೆ ಪ್ರೊಟೀನು, ಸುಣ್ಣದ ಅಂಶ ಸೇರಿಸಿ ಚಿಪ್ಪು ಮಾಡುತ್ತವೆ. ಶಿಲೀಂಧ್ರ ಸುಣ್ಣದ ಗೋಜಿಗೆ ಹೋಗದೆ ಬೇರೆ ಸಕ್ಕರೆ ಸರಪಳಿಗಳ ಜೊತೆ ಅದನ್ನು ಹೆಣೆಯುತ್ತದೆ.

ಕೈಟಿನ್ ಮೊದಲು ಸಿಕ್ಕಿದ್ದು ಶೆಟ್ಲಿಯಲ್ಲಲ್ಲ, ಅಣಬೆಯಲ್ಲಿ. 1811ರಲ್ಲಿ ಫ್ರಾನ್ಸಿನ ಆನ್ರಿ ಬ್ರಾಕೊನೊ ಅಣಬೆಗಳನ್ನು ಕ್ಷಾರದಲ್ಲಿ ಕಾಯಿಸಿದರು. ಉಳಿದೆಲ್ಲ ಕರಗಿ, ಕರಗದ ಒಂದು ಭಾಗ ಉಳಿಯಿತು. ಕೀಟಗಳ ಹೊರಕವಚದಲ್ಲೂ ಅಂಥದ್ದೇ ವಸ್ತು ಇದೆ ಅಂತ 1823ರಲ್ಲಿ ಓಡಿಯೆ ಎಂಬವರು ತೋರಿಸಿದರು. ಅಂದರೆ ಸೆಲ್ಯುಲೋಸನ್ನು ಬೇರ್ಪಡಿಸಿ ಗುರುತಿಸುವ ಎಷ್ಟೋ ವರ್ಷ ಮೊದಲೇ ವಿಜ್ಞಾನಕ್ಕೆ ಕೈಟಿನ್ ಗೊತ್ತಿತ್ತು.

ಇವೆರಡೂ ಹತ್ತಿರದ ಸಂಬಂಧಿಗಳು. ಸೆಲ್ಯುಲೋಸ್ ಅಂದರೆ ಗ್ಲುಕೋಸ್ ಕಣಗಳ ಉದ್ದನೆಯ ಸರಪಳಿ. ಒಂದು ಗ್ಲುಕೋಸಿನ ಒಂದನೇ ಇಂಗಾಲ ಮುಂದಿನದರ ನಾಲ್ಕನೇ ಇಂಗಾಲಕ್ಕೆ ಕೊಂಡಿ ಹಾಕುತ್ತಾ ಹೋಗುತ್ತದೆ. ಕೈಟಿನ್‌ನಲ್ಲೂ ಕೊಂಡಿ ಅದೇ ರೀತಿ. ಆದರೆ ಪ್ರತಿ ಗ್ಲುಕೋಸಿನ ಎರಡನೇ ಇಂಗಾಲದಲ್ಲಿ ಇರಬೇಕಾದ ಹೈಡ್ರಾಕ್ಸಿಲ್ ಗುಂಪಿನ ಜಾಗದಲ್ಲಿ ಸಾರಜನಕ ಇರುವ ಒಂದು ಸಣ್ಣ ಗುಂಪು ಕೂತಿರುತ್ತದೆ. ಅಂಥ ಸಕ್ಕರೆಗೆ ಎನ್-ಅಸಿಟೈಲ್ ಗ್ಲುಕೋಸಮೈನ್ ಅಂತ ಹೆಸರು. ಬದಲಾವಣೆ ಇಷ್ಟೇ. ಆ ಗುಂಪಿನಿಂದಾಗಿ ಅಕ್ಕಪಕ್ಕದ ಸರಪಳಿಗಳು ಹೈಡ್ರೋಜನ್ ಬಂಧಗಳಿಂದ ಇನ್ನೂ ಬಿಗಿಯಾಗಿ ಅಂಟಿಕೊಳ್ಳುತ್ತವೆ. ತೆಂಗಿನ ನಾರಿನ ಒಂದೊಂದು ಎಳೆ ಕೈಯಲ್ಲಿ ಹರಿಯುತ್ತದೆ, ಹೊಸೆದು ಹುರಿ ಮಾಡಿದರೆ ದೋಣಿ ಕಟ್ಟಬಹುದು. ಕೈಟಿನ್ ಸರಪಳಿಗಳು ಒಟ್ಟಾಗಿ ಸೂಕ್ಷ್ಮ ನಾರು ಆಗುವುದೂ ಹಾಗೇ. ಆ ನಾರಿನೊಳಗೆ ನೀರಿಗೆ ದಾರಿ ಸಿಗುವುದು ಕಷ್ಟ.

ಕ್ಷಾರಕ್ಕೆ ಬಗ್ಗದ ಈ ಗುಣವನ್ನು ಚರ್ಮದ ಡಾಕ್ಟರು ಇವತ್ತೂ ಬಳಸುತ್ತಾರೆ. ಹುಳಕಡ್ಡಿ ಅಂತ ಅನುಮಾನ ಬಂದರೆ ಚರ್ಮವನ್ನು ಸ್ವಲ್ಪ ಕೆರೆದು, ಗಾಜಿನ ಮೇಲಿಟ್ಟು, ಪೊಟ್ಯಾಸಿಯಂ ಹೈಡ್ರಾಕ್ಸೈಡ್ ಹನಿ ಹಾಕುತ್ತಾರೆ. ನಮ್ಮ ಚರ್ಮದ ಪದರ ಅದರಲ್ಲಿ ಮೆತ್ತಗಾಗಿ ತಿಳಿಯಾಗುತ್ತದೆ. ಶಿಲೀಂಧ್ರದ ಎಳೆಗಳು ಹಾಗೇ ಉಳಿದು ಸೂಕ್ಷ್ಮದರ್ಶಕದಲ್ಲಿ ಎದ್ದು ಕಾಣುತ್ತವೆ. ಬ್ರಾಕೊನೊ ಮಾಡಿದ್ದನ್ನೇ ಒಂದು ಹನಿಯಲ್ಲಿ ಮಾಡಿದ ಹಾಗೆ.

ಅಡುಗೆಮನೆಯಲ್ಲೂ ಇದು ಕಾಣುತ್ತದೆ. ಬಟಾಟೆಯನ್ನು ಜಾಸ್ತಿ ಬೇಯಿಸಿದರೆ ಮುದ್ದೆಯಾಗುತ್ತದೆ, ಯಾಕೆಂದರೆ ಅದರ ಕೋಶಗಳನ್ನು ಅಂಟಿಸಿದ ಪೆಕ್ಟಿನ್ ಬಿಸಿಗೆ ಕರಗುತ್ತದೆ. ಅಣಬೆಯನ್ನು ಎಷ್ಟು ಹೊತ್ತು ಬೇಯಿಸಿದರೂ ತುಂಡು ತುಂಡಾಗಿಯೇ ಉಳಿಯುತ್ತದೆ. ಸಾರಿನಲ್ಲಿ ಅರ್ಧ ಗಂಟೆ ಕುದಿದ ಮೇಲೂ ಹಲ್ಲಿಗೆ ಸಿಗುತ್ತದೆ. ಅದರ ಗೋಡೆಗೆ ಕುದಿಯುವ ನೀರು ದೊಡ್ಡ ವಿಷಯವಲ್ಲ.

ಇಷ್ಟೆಲ್ಲ ಹೇಳಿದ ಮೇಲೂ, ಗೋಡೆಯಲ್ಲಿ ಕೈಟಿನ್ ಹೆಚ್ಚಿನ ಪಾಲು ಅಲ್ಲ. ಶಾಲೆಯಲ್ಲಿ "ಶಿಲೀಂಧ್ರದ ಕೋಶಭಿತ್ತಿ ಕೈಟಿನ್‌ನಿಂದ ಆಗಿದೆ" ಅಂತ ಒಂದು ಸಾಲು ಬರೆಸುತ್ತಾರೆ. ಆ ಸಾಲು ಮಕ್ಕಳನ್ನು ದಾರಿ ತಪ್ಪಿಸುತ್ತದೆ ಅಂತ ನನಗನಿಸುತ್ತದೆ. ಎಳೆಯಾಗಿ ಬೆಳೆಯುವ ಶಿಲೀಂಧ್ರಗಳ ಗೋಡೆಯ ಒಣ ತೂಕದಲ್ಲಿ ಕೈಟಿನ್ ಸುಮಾರು 10ರಿಂದ 20 ಶೇಕಡಾ. ಬ್ರೆಡ್ಡಿಗೆ ಹಾಕುವ ಯೀಸ್ಟಿನಲ್ಲಿ ಬರೀ ಒಂದೆರಡು ಶೇಕಡಾ, ಅದೂ ಮರಿಕೋಶ ಬೇರೆಯಾದ ಗಾಯದ ಸುತ್ತ ಉಂಗುರವಾಗಿ ಜಾಸ್ತಿ ಇರುತ್ತದೆ.

ಹೆಚ್ಚಿನ ಪಾಲು ಗ್ಲುಕಾನ್. ಗೋಡೆಯ ಒಣ ತೂಕದಲ್ಲಿ ಅರ್ಧಕ್ಕಿಂತ ಹೆಚ್ಚು ಇದೇ. ಇದೂ ಗ್ಲುಕೋಸಿನದೇ ಸರಪಳಿ, ಆದರೆ ಕೊಂಡಿ ಬೀಳುವುದು ಒಂದನೇ ಇಂಗಾಲಕ್ಕೂ ಮೂರನೇ ಇಂಗಾಲಕ್ಕೂ. ಅದಕ್ಕೇ ಬೀಟಾ 1,3 ಗ್ಲುಕಾನ್ ಅನ್ನುತ್ತಾರೆ. ಕೊಂಡಿಯ ಜಾಗ ಒಂದು ಮನೆ ಆಚೀಚೆ ಆದದ್ದಕ್ಕೆ ಸರಪಳಿಯ ಸ್ವಭಾವವೇ ಬದಲಾಗುತ್ತದೆ. ಸೆಲ್ಯುಲೋಸ್, ಕೈಟಿನ್ ಸೀದಾ ಕಡ್ಡಿಯ ಹಾಗೆ ನಿಲ್ಲುತ್ತವೆ. ಬೀಟಾ 1,3 ಗ್ಲುಕಾನ್ ಸುರುಳಿ ಸುತ್ತಿಕೊಳ್ಳುತ್ತದೆ. ಎಳೆದರೆ ಹಿಗ್ಗುತ್ತದೆ, ಬಿಟ್ಟರೆ ಕುಗ್ಗುತ್ತದೆ. ಯೀಸ್ಟಿನಲ್ಲಿ ಒಂದೊಂದು ಸರಪಳಿಯಲ್ಲಿ ಸುಮಾರು 1,500 ಗ್ಲುಕೋಸ್ ಇರುತ್ತವೆ. ಅಲ್ಲಲ್ಲಿ ಕವಲು ಒಡೆದು, ಬೀಟಾ 1,6 ಅನ್ನುವ ಇನ್ನೊಂದು ಬಗೆಯ ಗ್ಲುಕಾನ್‌ನಿಂದ ಹೊರಗಿನ ಪ್ರೊಟೀನುಗಳಿಗೆ ಗಂಟು ಬೀಳುತ್ತದೆ. ಕೈಟಿನ್ ಕೂಡ ಇದಕ್ಕೇ ಗಟ್ಟಿಯಾಗಿ ಬೆಸೆದುಕೊಳ್ಳುತ್ತದೆ. ಬಿಗಿ ಕೊಡುವುದು ಕೈಟಿನ್, ಹಿಗ್ಗು ಕೊಡುವುದು ಗ್ಲುಕಾನ್. ಒಂದಿಲ್ಲದೆ ಇನ್ನೊಂದು ನಡೆಯುವುದಿಲ್ಲ.

ಹೊರ ಮೈಯಲ್ಲಿ ಸಕ್ಕರೆ ಹೊತ್ತ ಪ್ರೊಟೀನುಗಳ ಪದರ. ಮ್ಯಾನೋಸ್ ಅನ್ನುವ ಸಕ್ಕರೆ ಯೀಸ್ಟಿನಲ್ಲಿ ಇದಕ್ಕೆ ದಟ್ಟವಾಗಿ ಅಂಟಿರುತ್ತದೆ. ಎಲ್ಲಿ ಅಂಟಿಕೊಳ್ಳಬೇಕು, ಒಳಗೆ ಏನು ಬಿಡಬೇಕು ಅನ್ನುವುದರಲ್ಲಿ ಈ ಪದರದ ಕೈವಾಡ ದೊಡ್ಡದು.

ಇನ್ನೂ ಹೊರಗಿನದ್ದನ್ನು ಮನೆಯಲ್ಲೇ ನೋಡಬಹುದು. ಘಟ್ಟದ ಮೇಲಿನ ಮಳೆಗಾಲದಲ್ಲಿ ಹಳೇ ಬ್ರೆಡ್ಡಿನ ಮೇಲೋ ನಿಂಬೆಯ ಸಿಪ್ಪೆಯ ಮೇಲೋ ಹಸಿರು ಬೂಸ್ಟು ಬರುತ್ತದಲ್ಲ, ಮೂಗು ಹತ್ತಿರ ಒಯ್ಯದೆ ಅದರ ಮೇಲೆ ಒಂದು ಹನಿ ನೀರು ನಿಧಾನಕ್ಕೆ ಬಿಡಿ. ನೀರು ಇಂಗುವುದಿಲ್ಲ. ಮಣಿಯಂತೆ ದುಂಡಗೆ ನಿಂತು, ಸ್ವಲ್ಪ ವಾಲಿಸಿದರೆ ಉರುಳುತ್ತದೆ, ಉರುಳುವಾಗ ಹಸಿರು ಪುಡಿಯನ್ನು ಮೈಗೆ ಮೆತ್ತಿಕೊಂಡು ಹೋಗುತ್ತದೆ. ಆ ಪುಡಿ ಬೀಜಕಣಗಳು. ಅವುಗಳ ಗೋಡೆಯ ಹೊರಗೆ ಹೈಡ್ರೊಫೋಬಿನ್ ಅನ್ನುವ ಪ್ರೊಟೀನು ಸಣ್ಣ ಸಣ್ಣ ಕಡ್ಡಿ ಜೋಡಿಸಿದ ಹಾಗೆ ಹಾಸಿರುತ್ತದೆ. ನೀರು ಹತ್ತದ ಕಾರಣಕ್ಕೆ ಬೀಜಕಣಗಳು ಒಂದಕ್ಕೊಂದು ಅಂಟದೆ ಗಾಳಿಯಲ್ಲಿ ಹಾರುತ್ತವೆ. ಅದಕ್ಕೇ ಒಂದು ಮೂಲೆಯ ಬೂಸ್ಟು ನಾಲ್ಕು ದಿನದಲ್ಲಿ ಇಡೀ ಕಪಾಟಿಗೆ ಹಬ್ಬುವುದು.

ಪಠ್ಯಪುಸ್ತಕದ ಚಿತ್ರದಲ್ಲಿ ಇವೆಲ್ಲ ಒಂದರ ಮೇಲೊಂದು ಪದರವಾಗಿ ನೀಟಾಗಿ ಕೂತಿರುತ್ತವೆ. ನಿಜದಲ್ಲಿ ಹಾಗಿಲ್ಲ. 2018ರಲ್ಲಿ ಆಸ್ಪರ್ಜಿಲಸ್ ಫ್ಯುಮಿಗೇಟಸ್ ಎಂಬ ಬೂಸ್ಟಿನ ಗೋಡೆಯನ್ನು ಒಡೆಯದೆ, ಕರಗಿಸದೆ, ಇದ್ದ ಹಾಗೇ ಕಾಂತೀಯ ಅನುರಣನ ವಿಧಾನದಿಂದ ಪರೀಕ್ಷಿಸಿದರು. ಅದರಲ್ಲಿ ಕೈಟಿನ್ ಮತ್ತು ಆಲ್ಫಾ 1,3 ಅನ್ನುವ ಮತ್ತೊಂದು ಬಗೆಯ ಗ್ಲುಕಾನ್ ಒಟ್ಟಿಗೆ ಹೆಣೆದುಕೊಂಡು ನೀರು ಹತ್ತದ ಗಟ್ಟಿ ತಿರುಳಾಗಿದ್ದವು. ಸುತ್ತ ನೀರು ಹಿಡಿದ ಮೆತ್ತನೆಯ ಬೀಟಾ ಗ್ಲುಕಾನ್. ಆಲ್ಫಾ ಗ್ಲುಕಾನ್ ಬರೀ ಹೊರಗಿನ ತುಂಬುವ ವಸ್ತು ಅನ್ನುವ ಹಳೆಯ ತಿಳಿವಳಿಕೆಯನ್ನು ಅದು ಬದಲಿಸಿತು.

ಇಷ್ಟು ಗಟ್ಟಿ ಗೋಡೆಯೊಳಗೆ ಇದ್ದುಕೊಂಡು ಎಳೆ ಬೆಳೆಯುವುದು ಹೇಗೆ? ಅದು ಉದ್ದಕ್ಕೂ ಹಿಗ್ಗುವುದಿಲ್ಲ, ತುದಿಯಲ್ಲಿ ಮಾತ್ರ ಬೆಳೆಯುತ್ತದೆ. ತುದಿಯ ಗೋಡೆ ಹೊಸದು, ಇನ್ನೂ ಮೆತ್ತಗೆ. ಸಣ್ಣ ಗುಳ್ಳೆಗಳಲ್ಲಿ ತುಂಬಿದ ಸಾಮಗ್ರಿ ಒಳಗಿನಿಂದ ತುದಿಗೆ ಬರುತ್ತಲೇ ಇರುತ್ತದೆ. ಕೈಟಿನ್ ಮಾಡುವ ಕಿಣ್ವ ಪೊರೆಯಲ್ಲಿ ಕೂತು, ಒಳಗಿನಿಂದ ಸಕ್ಕರೆ ತೆಗೆದುಕೊಂಡು ಸರಪಳಿಯನ್ನು ಹೊರಕ್ಕೆ ನೂಲುತ್ತದೆ. ಗ್ಲುಕಾನ್ ಮಾಡುವ ಕಿಣ್ವವೂ ಪೊರೆಯಲ್ಲೇ ಇರುತ್ತದೆ. ತುದಿ ಮುಂದೆ ಸರಿದ ಹಾಗೆ ಹಿಂದಿನ ಭಾಗದಲ್ಲಿ ಬೆಸುಗೆ ಬಿದ್ದು ಗೋಡೆ ಗಟ್ಟಿಯಾಗುತ್ತದೆ.

ಎಲೆಚುಕ್ಕಿ ತರುವ ಶಿಲೀಂಧ್ರ ಕೊಲೆಟೊಟ್ರೈಕಮ್ ಎಲೆಯೊಳಗೆ ಹೋಗುವ ದಾರಿಯೂ ಗೋಡೆಯ ಕೆಲಸವೇ. ಅದರ ಬೀಜಕಣ ಎಲೆಯ ಮೇಲೆ ಮೊಳೆತು, ತುದಿಯಲ್ಲಿ ಒಂದು ದುಂಡನೆಯ ಕೋಶ ಮಾಡುತ್ತದೆ. ಆ ಕೋಶದ ಗೋಡೆಗೆ ಮೆಲನಿನ್ ಅನ್ನುವ ಕಪ್ಪು ಬಣ್ಣದ ಲೇಪ ಬೀಳುತ್ತದೆ. ಲೇಪ ಬಿದ್ದ ಮೇಲೆ ಒಳಗಿನ ಸಾಮಗ್ರಿ ಸೋರುವುದಿಲ್ಲ, ನೀರು ಮಾತ್ರ ಒಳಗೆ ಬರುತ್ತದೆ, ಒತ್ತಡ ಏರುತ್ತಾ ಹೋಗುತ್ತದೆ. ಇದೇ ಉಪಾಯ ಮಾಡುವ ಭತ್ತದ ಬೆಂಕಿ ರೋಗದ ಶಿಲೀಂಧ್ರದಲ್ಲಿ ಆ ಒತ್ತಡ 8 ಮೆಗಾಪಾಸ್ಕಲ್‌ವರೆಗೆ ಹೋಗುತ್ತದೆ. ನಮ್ಮ ಸುತ್ತಲಿನ ಗಾಳಿಯ ಒತ್ತಡದ ಸುಮಾರು 80 ಪಟ್ಟು. ಆಮೇಲೆ ಕೆಳಗಿನಿಂದ ಒಂದು ಸೂಕ್ಷ್ಮ ಮೊಳೆ ಹೊರಟು ಎಲೆಯ ಚರ್ಮವನ್ನು ತೂತು ಮಾಡುತ್ತದೆ. ಬೆಂಕಿ ರೋಗಕ್ಕೆ ಬಳಸುವ ಟ್ರೈಸೈಕ್ಲಜೋಲ್ ಶಿಲೀಂಧ್ರವನ್ನು ನೇರ ಕೊಲ್ಲುವುದಿಲ್ಲ. ಮೆಲನಿನ್ ಆಗದಂತೆ ತಡೆಯುತ್ತದೆ, ಅಷ್ಟಕ್ಕೇ ಎಲೆಯೊಳಗೆ ಪ್ರವೇಶ ತಪ್ಪುತ್ತದೆ.

ಈಗ ಕೊಳೆಗೆ ಬರೋಣ. ಕೊಳೆಯ ಜೀವಿ ಫೈಟೊಫ್ಥೊರಾ. ಉದುರಿದ ಅಡಿಕೆಯ ಮೇಲೆ ಬಿಳಿ ಬೂಸ್ಟು ಕಾಣುತ್ತದಲ್ಲ, ಅದು ಇದರ ಎಳೆಗಳು. ಇದರ ಗೋಡೆಯಲ್ಲೂ ಬೀಟಾ ಗ್ಲುಕಾನ್ ಇದೆ, ಆದರೆ ಕೈಟಿನ್ ಇರಬೇಕಾದ ಜಾಗದಲ್ಲಿ ಸೆಲ್ಯುಲೋಸ್ ಇದೆ, ಗೋಡೆಯ ಸುಮಾರು ಮೂರನೇ ಒಂದು ಭಾಗ. ಹೌದು, ಅಡಿಕೆ ಮರದಲ್ಲೇ ಇರುವ ಸೆಲ್ಯುಲೋಸ್. ಕಾರಣ, ಇದರ ಬಂಧುಬಳಗ ಬೇರೆ. ಸಮುದ್ರದ ಬಂಡೆಗಳ ಮೇಲೆ ಬೆಳೆಯುವ ಕಂದು ಪಾಚಿಗಳು ಇದರ ದೂರದ ಸಂಬಂಧಿಗಳು. ನಿಜವಾದ ಶಿಲೀಂಧ್ರಗಳಾದರೋ ವಂಶವೃಕ್ಷದಲ್ಲಿ ಗಿಡಗಳಿಗಿಂತ ಪ್ರಾಣಿಗಳಿಗೇ ಹತ್ತಿರ. ಎರಡು ಬೇರೆ ಮನೆತನದವು ಒಂದೇ ಥರದ ಬದುಕು ಕಲಿತು ನೋಡಲು ಒಂದೇ ಥರ ಆಗಿವೆ.

ಪ್ರೊಪಿಕೊನಜೋಲ್ ಯಾಕೆ ಕೊಳೆಗೆ ನಾಟುವುದಿಲ್ಲ ಅನ್ನುವುದಕ್ಕೆ ಉತ್ತರ ಈ ಮನೆತನದಲ್ಲೇ ಇದೆ. ಈ ಮದ್ದು ಗೋಡೆಗೆ ಹೊಡೆಯುವುದಲ್ಲ, ಗೋಡೆಯ ಒಳಗಿನ ಪೊರೆಗೆ ಹೊಡೆಯುವುದು. ಶಿಲೀಂಧ್ರದ ಪೊರೆಗೆ ಎರ್ಗೊಸ್ಟೆರಾಲ್ ಅನ್ನುವ ಕೊಬ್ಬಿನಂಥ ವಸ್ತು (ಒಂದು ಬಗೆಯ ಸ್ಟೆರಾಲ್) ಬೇಕು, ಅದನ್ನು ತಯಾರಿಸುವ ದಾರಿಯನ್ನು ಇದು ಕಡಿಯುತ್ತದೆ. ಫೈಟೊಫ್ಥೊರಾಕ್ಕೆ ಆ ದಾರಿಯೇ ಇಲ್ಲ. ಅದು ಸ್ಟೆರಾಲನ್ನು ತಾನಾಗಿ ಮಾಡುವುದಿಲ್ಲ. ಇಲ್ಲದ ದಾರಿಯನ್ನು ಕಡಿಯುವುದು ಹೇಗೆ?

ಕೊಳೆಗೆ ಹೊಡೆಯುವ ಬೋರ್ಡೋ ದ್ರಾವಣದಲ್ಲಿರುವ ತಾಮ್ರದ ಕತೆ ಬೇರೆ. ತಾಮ್ರ ಒಂದು ದಾರಿಯನ್ನಲ್ಲ, ಕೋಶದ ಎಷ್ಟೋ ಕಿಣ್ವಗಳನ್ನು ಒಟ್ಟಿಗೇ ಕೆಡಿಸುತ್ತದೆ. ಅದಕ್ಕೆ ಮನೆತನ ನೋಡುವ ಅಗತ್ಯವಿಲ್ಲ. ಆದರೆ ಕೊಳೆಯ ವಿಷಯದಲ್ಲಿ ಅದಕ್ಕೆ ಇನ್ನೊಂದು ಅನುಕೂಲ ಇದೆ, ಇದನ್ನು ನಿಧಾನವಾಗಿ ನೋಡಬೇಕು. ಮಳೆ ಬಿದ್ದು ಅಡಿಕೆಯ ಮೇಲೆ ನೀರಿನ ತೆಳು ಪದರ ನಿಂತಾಗ ಫೈಟೊಫ್ಥೊರಾದ ಬೀಜಚೀಲ ಒಡೆದು, ಎರಡು ಬಾಲವಿರುವ ಈಜುವ ಬೀಜಕಣಗಳು ಹೊರಗೆ ಬರುತ್ತವೆ. ಅವಕ್ಕೆ ಗೋಡೆ ಇರುವುದಿಲ್ಲ. ಬರೀ ಪೊರೆ. ನೀರಲ್ಲಿ ಈಜಿ, ಕೂರಲು ಜಾಗ ಸಿಕ್ಕಿದ ಮೇಲೆ ಬಾಲ ಬಿಟ್ಟು, ಕೆಲವೇ ನಿಮಿಷಗಳಲ್ಲಿ ಮೈ ಸುತ್ತ ಗೋಡೆ ಕಟ್ಟಿಕೊಳ್ಳುತ್ತವೆ. ಅಲ್ಲಿಂದ ಮೊಳೆತು ಅಡಿಕೆಯ ಒಳಗೆ ಇಳಿಯುತ್ತವೆ. ಗೋಡೆ ಇಲ್ಲದ ಆ ಈಜುವ ಹೊತ್ತು ಅವಕ್ಕೆ ಅತಿ ಅಪಾಯದ ಹೊತ್ತು. ಅಡಿಕೆಯ ಮೇಲೆ ಮೊದಲೇ ತಾಮ್ರ ಕೂತಿದ್ದರೆ ಅಲ್ಲೇ ಮುಗಿಯಿತು. ಒಳಗೆ ಇಳಿದ ಮೇಲೆ ಬೋರ್ಡೋ ಹೊಡೆದರೆ ಒಳಗಿದ್ದದ್ದಕ್ಕೆ ಏನೂ ಆಗುವುದಿಲ್ಲ.

ಮಳೆ ಹಿಡಿಯುವ ಮೊದಲೇ ಮೊದಲ ಮದ್ದು ಆಗಬೇಕು ಅನ್ನುವುದು ಇದಕ್ಕೇ. 40ರಿಂದ 45 ದಿನಕ್ಕೆ ಎರಡನೆಯದು, ಅಷ್ಟರಲ್ಲಿ ಮಳೆ ತಾಮ್ರವನ್ನು ತೊಳೆದಿರುತ್ತದೆ, ಅಡಿಕೆಯೂ ಬೆಳೆದು ಮದ್ದಿಲ್ಲದ ಹೊಸ ಮೈ ಹೊರಗೆ ಬಂದಿರುತ್ತದೆ. ಅಡಿಕೆ ಕೊನೆಗೆ ಮಳೆ ತಾಗದಂತೆ ಕೊಟ್ಟೆ (ಹೊದಿಕೆ) ಕಟ್ಟುವ ಹಿಂದಿನವರ ಪದ್ಧತಿಯೂ ಇದೇ ಜಾಗಕ್ಕೆ ಪೆಟ್ಟು ಕೊಡುತ್ತದೆ. ನೀರಿನ ಪದರವೇ ಇಲ್ಲದಿದ್ದರೆ ಈಜುವುದು ಎಲ್ಲಿ? ಗೋಡೆ, ಬೀಜಕಣ ಯಾವುದರ ಹೆಸರೂ ಕೇಳದೆ ಇಷ್ಟು ಸರಿಯಾದ ಜಾಗ ಹಿಡಿದ ಆ ಜನರ ಬಗ್ಗೆ ನನಗೆ ತುಂಬ ಗೌರವ.

ಒಂದು ಕೆಜಿ ಮೈಲುತುತ್ತ, ಒಂದು ಕೆಜಿ ಸುಣ್ಣ, ನೂರು ಲೀಟರ್ ನೀರು. ಶೇಕಡಾ ಒಂದರ ಈ ಬೋರ್ಡೋ ದ್ರಾವಣ ಹುಟ್ಟಿದ್ದು ಫ್ರಾನ್ಸಿನ ಬೋರ್ಡೋದಲ್ಲಿ. ದ್ರಾಕ್ಷಿಯ ಬೂಜು ರೋಗಕ್ಕೆ ಇದು ಮದ್ದು ಅಂತ ಮಿಲಾರ್ಡೆ ಎಂಬವರು 1885ರಲ್ಲಿ ಪ್ರಕಟಿಸಿದರು. ಆ ರೋಗದ ಜೀವಿಯೂ ಶಿಲೀಂಧ್ರವಲ್ಲ, ಫೈಟೊಫ್ಥೊರಾದ ಮನೆತನದ್ದೇ. ಮೈಸೂರು ಸಂಸ್ಥಾನದಲ್ಲಿ ಕೃಷಿ ವಿಜ್ಞಾನಿಯಾಗಿದ್ದ ಕೆನಡಾದ ಲೆಸ್ಲಿ ಕೋಲ್ಮನ್ 1910ರಲ್ಲಿ ಕೊಳೆ ರೋಗದ ಬಗ್ಗೆ ವಿವರವಾಗಿ ಬರೆದು, ಅದು ಫೈಟೊಫ್ಥೊರಾ ಅಂತ ಗುರುತಿಸಿ, ಬೋರ್ಡೋ ಸಿಂಪಡಣೆಯನ್ನು ಅಡಿಕೆಗೆ ತಂದರು. ಆಗ ಶಿರಸಿ, ಸಿದ್ದಾಪುರ ಮುಂಬಯಿ ಪ್ರಾಂತದಲ್ಲಿದ್ದವು. ಗಡಿ ಬೇರೆ ಇದ್ದರೂ ಮಳೆ ಒಂದೇ, ಕೊಳೆ ಒಂದೇ.

ಗೋಡೆಯನ್ನೇ ಗುರಿ ಮಾಡುವ ಮದ್ದುಗಳೂ ಇವೆ. ಮ್ಯಾಂಡಿಪ್ರೊಪಮಿಡ್ ಅನ್ನುವುದು ಫೈಟೊಫ್ಥೊರಾ ಸೆಲ್ಯುಲೋಸ್ ಮಾಡುವ ಕಿಣ್ವವನ್ನು ತಡೆಯುತ್ತದೆ. ಸೆಲ್ಯುಲೋಸ್ ಮಾಡದ ಕೊಲೆಟೊಟ್ರೈಕಮ್‌ಗೆ ಅದರಿಂದ ಏನೂ ಆಗುವುದಿಲ್ಲ. ಪ್ರೊಪಿಕೊನಜೋಲಿಗೆ ತದ್ವಿರುದ್ಧ. ಕೈಟಿನ್ ಮಾಡುವ ಕಿಣ್ವವನ್ನು ತಡೆಯುವ ಪಾಲಿಯಾಕ್ಸಿನ್ ಜಪಾನಿನಲ್ಲಿ ಮಣ್ಣಿನ ಬ್ಯಾಕ್ಟೀರಿಯಾದಿಂದ ಸಿಕ್ಕಿತು. ಮನುಷ್ಯರ ಔಷಧಿಯಲ್ಲಿ ಗ್ಲುಕಾನ್ ಮೇಲೆ ಕಣ್ಣು. ಕ್ಯಾಸ್ಪೊಫಂಜಿನ್ ಗ್ಲುಕಾನ್ ಮಾಡುವ ಕಿಣ್ವವನ್ನು ತಡೆಯುತ್ತದೆ. 2001ರಲ್ಲಿ ಅಮೆರಿಕದಲ್ಲಿ ಅದಕ್ಕೆ ಒಪ್ಪಿಗೆ ಸಿಕ್ಕಿತು. ನಮ್ಮ ಕೋಶಗಳಿಗೆ ಗೋಡೆಯೇ ಇಲ್ಲ, ಗ್ಲುಕಾನ್ ಇಲ್ಲ, ಹಾಗಾಗಿ ಅದು ನಮ್ಮನ್ನು ಹೆಚ್ಚು ಕಾಡುವುದಿಲ್ಲ. ಆದರೆ ಶಿಲೀಂಧ್ರವೂ ಸುಮ್ಮನಿರುವುದಿಲ್ಲ. ಗ್ಲುಕಾನ್ ಕಡಿಮೆ ಬಿದ್ದರೆ ಕೈಟಿನ್ ಹೆಚ್ಚಿಸಿ ಗೋಡೆಯನ್ನು ಉಳಿಸಿಕೊಳ್ಳಲು ನೋಡುತ್ತದೆ.

ಗಿಡವೂ ಗೋಡೆಯನ್ನು ನೋಡಿಯೇ ವೈರಿಯನ್ನು ಗುರುತಿಸುತ್ತದೆ. ಗಿಡದ ಮೈಯಲ್ಲಿ ಕೈಟಿನ್ ಇರುವುದಿಲ್ಲ. ಆದ್ದರಿಂದ ಕೈಟಿನ್ ಚೂರು ಸಿಕ್ಕಿತು ಅಂದರೆ ಹೊರಗಿನವರು ಬಂದಿದ್ದಾರೆ ಅಂತ ಅರ್ಥ. ಭತ್ತದಲ್ಲಿ ಇದಕ್ಕೆಂದೇ ಪೊರೆಯ ಮೇಲೆ ಪ್ರೊಟೀನುಗಳಿವೆ. ಚೂರು ತಗುಲಿದ ಕೂಡಲೇ ಗಿಡ ಕೈಟಿನ್ ಕತ್ತರಿಸುವ ಕಿಣ್ವಗಳನ್ನು ಬಿಡುತ್ತದೆ. ಬೆಂಕಿ ರೋಗದ ಶಿಲೀಂಧ್ರ ಇದಕ್ಕೆ ಪ್ರತಿಯಾಗಿ, ಒಳಗೆ ಹೋಗುವಾಗ ಗೋಡೆಯ ಮೇಲೆ ಆಲ್ಫಾ 1,3 ಗ್ಲುಕಾನ್ ಹೊದ್ದುಕೊಳ್ಳುತ್ತದೆ. ಗಿಡದ ಕಿಣ್ವಗಳಿಗೆ ಅದನ್ನು ಕರಗಿಸಲು ಬರುವುದಿಲ್ಲ.

ಗೋಡೆ ಕರಗಿಸುವುದರಲ್ಲಿ ಪಳಗಿದ್ದು ಟ್ರೈಕೊಡರ್ಮಾ. ಗೊಬ್ಬರದ ಜೊತೆ ಬೆರೆಸಿ ಅಡಿಕೆಯ, ಕಾಳುಮೆಣಸಿನ ಬುಡಕ್ಕೆ ಹಾಕುತ್ತೇವಲ್ಲ, ಅದೇ. ಅದು ಬೇರೆ ಶಿಲೀಂಧ್ರದ ಎಳೆಗೆ ಸುತ್ತಿಕೊಂಡು ಕೈಟಿನ್ ಒಡೆಯುವ ಕಿಣ್ವ, ಗ್ಲುಕಾನ್ ಒಡೆಯುವ ಕಿಣ್ವ ಎರಡನ್ನೂ ಬಿಡುತ್ತದೆ. ಅಡಿಕೆಗೆ ಅಣಬೆ ರೋಗ ತರುವ ಗ್ಯಾನೊಡರ್ಮಾ ಕೈಟಿನ್ ಗೋಡೆಯದ್ದು, ಅದಕ್ಕೆ ಇದು ಬೇಕು. ಮೆಣಸಿನ ಸೊರಗು ರೋಗ ಫೈಟೊಫ್ಥೊರಾದ್ದು, ಸೆಲ್ಯುಲೋಸ್ ಗೋಡೆಯದ್ದು. ಟ್ರೈಕೊಡರ್ಮಾ ಸೆಲ್ಯುಲೋಸ್ ಒಡೆಯುವುದರಲ್ಲೂ ಗಟ್ಟಿಗ, ಹಾಗಾಗಿ ಅಲ್ಲೂ ಕೆಲಸಕ್ಕೆ ಬರುತ್ತದೆ. ಆದರೆ ಟ್ರೈಕೊಡರ್ಮಾ ಕೂಡ ಒಂದು ನಿಜವಾದ ಶಿಲೀಂಧ್ರ. ಕೈಟಿನ್ ಗೋಡೆ, ಎರ್ಗೊಸ್ಟೆರಾಲ್ ಪೊರೆ. ಅದನ್ನು ಹಾಕಿದ ಬುಡಕ್ಕೆ ಪ್ರೊಪಿಕೊನಜೋಲ್ ಸುರಿದರೆ ಮೊದಲು ಸಾಯುವುದು ಅದೇ.